ತಹರಿ, ಸುಸಲಾ, ಮಿರ್ಚಿ: ಕಲಬುರಗಿಯ ಬೀದಿ ಊಟ

ಕಲಬುರಗಿಗೆ ಬರುವ ಹೊರಗಿನವರು ಒಳ್ಳೆಯ ಬಿರಿಯಾನಿ ಎಲ್ಲಿ ಸಿಗುತ್ತದೆಂದು ಮೊದಲು ವಿಚಾರಿಸುತ್ತಾರೆ. ಇಲ್ಲಿಯ ಊಟವೆಲ್ಲ ಹೈದರಾಬಾದಿನ ನೆರಳು ಎಂಬ ನಂಬಿಕೆ ಆ ವಿಚಾರಣೆಯ ಹಿಂದಿದೆ. ಆದರೆ ಹೈದರಾಬಾದ್ ಹುಟ್ಟಿದ್ದು 1591ರಲ್ಲಿ. ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾದದ್ದು 14ನೇ ಶತಮಾನದ ನಡುವಿನಲ್ಲಿ. ಕನ್ನಡ, ದಖನಿ, ತೆಲುಗು, ಮರಾಠಿ ಒಂದೇ ಬಜಾರಿನಲ್ಲಿ ಕಿವಿಗೆ ಬೀಳುವ ಈ ಊರಿನ ಬೀದಿ ಊಟಕ್ಕೆ ತನ್ನದೇ ಗುಣವಿದೆ. ಅದು ಒಣಬೇಸಾಯದ ಸೀಮೆಯ ದುಡಿಯುವ ಜನ ಕೂಡಿ ರೂಢಿಸಿಕೊಂಡ ಗುಣ: ಸಾಮಾನು ಕಡಿಮೆ, ಪಾತ್ರೆ ಒಂದೇ, ತಟ್ಟೆ ಕೈಗೆ ಬರಲು ತಡವಿಲ್ಲ.

ತಹರಿಯನ್ನೇ ನೋಡಿ. ಬಿರಿಯಾನಿಗೆ ಅಕ್ಕಿಯನ್ನು ಬೇರೆಯಾಗಿ ಅರೆಬೇಯಿಸಿ, ಮಾಂಸದ ಜೊತೆ ಪದರಾಗಿ ಹಾಸಿ, ದಮ್ ಕೊಡಬೇಕು. ತಹರಿಯಲ್ಲಿ ಮಾಂಸ, ಉಳ್ಳಾಗಡ್ಡಿ, ಮಸಾಲೆ, ಅರಿಶಿನ ಕುದಿದ ಸಾರಿನಲ್ಲೇ ಅಕ್ಕಿ ಬೇಯುತ್ತದೆ; ಮಾಂಸದ ರುಚಿಯೆಲ್ಲ ಅನ್ನಕ್ಕೆ ಇಳಿಯುತ್ತದೆ. ಈಗ ಸುಸಲಾ ಮಾಡುವವರ ಕೈ ಗಮನಿಸಿ. ಚುರುಮುರಿಯನ್ನು ನೀರಿಗೆ ಹಾಕಿ ಕೂಡಲೇ ಹಿಂಡಿ ತೆಗೆಯಬೇಕು, ತುಸು ಹೆಚ್ಚು ನೆನೆದರೂ ಮುದ್ದೆಯಾಗುತ್ತದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನದ ಒಗ್ಗರಣೆಯಲ್ಲಿ ಹೊರಳಾಡಿಸಿ ಮೇಲೆ ಪುಟಾಣಿ ಹಿಟ್ಟು ಉದುರಿಸಿದರೆ ಉಳಿದ ತೇವವನ್ನು ಅದು ಹೀರಿಕೊಳ್ಳುತ್ತದೆ. ಪಕ್ಕಕ್ಕೆ ಎಣ್ಣೆಯಿಂದ ಆಗತಾನೇ ತೆಗೆದ ಮಿರ್ಚಿ ಭಜಿ. ತಹರಿ ಮಾಂಸದ ಊಟ, ಸುಸಲಾ ಸಸ್ಯಾಹಾರಿ ನಾಷ್ಟಾ. ಅಡುಗೆಯ ತರ್ಕ ಮಾತ್ರ ಒಂದೇ. ತಹರಿ ಉತ್ತರ ಪ್ರದೇಶದಲ್ಲೂ ಇದೆಯಲ್ಲ ಎನ್ನಬಹುದು. ಇದೆ, ಅಲ್ಲಿ ಅದು ಬಹುಮಟ್ಟಿಗೆ ಆಲೂಗಡ್ಡೆ, ಬಟಾಣಿಯ ಮನೆಯಡುಗೆ. ಇಲ್ಲಿ ಅದು ಹೋಟೆಲಿನ ಎದುರು ದೊಡ್ಡ ಹಂಡೆಯಲ್ಲಿ ಕೂತು ಊರಿನ ಗುರುತಾಗಿದೆ. ಬಡವರ ಬಿರಿಯಾನಿ ಎಂದು ಅದನ್ನು ಕೀಳುಗಳೆಯುವವರು ಅದರ ಹದವನ್ನು ಅರಿತವರಲ್ಲ.

ಹೈದರಾಬಾದಿನ ಋಣವೇ ಇಲ್ಲವೆಂದರೆ ಸುಳ್ಳಾಗುತ್ತದೆ. 1948ರವರೆಗೆ ಈ ಸೀಮೆ ನಿಜಾಮರ ಆಡಳಿತದಲ್ಲಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು. ಚಿತ್ತಾಪುರ, ಸೇಡಂ, ತಾಂಡೂರು ಆ ಹಳಿಯ ಮೇಲಿನ ಊರುಗಳೇ. ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು, ರಂಜಾನಿನ ಹಲೀಮ್ ಆ ನಂಟಿನ ಫಲ. ಆದರೆ ಆ ಚಹಾದ ಜೊತೆ ಮಿರ್ಚಿ ಕಡಿಯುವುದು ಈ ನೆಲದ ರೂಢಿ. ಶಹಾಬಾದಿನ ಕಲ್ಲುಗಣಿ, ವಾಡಿ-ಸೇಡಂಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವವನಿಗೆ ಬೇಕಾದದ್ದು ಬಿಸಿಯಾದ, ಹೊಟ್ಟೆಗೆ ನಿಲ್ಲುವ ತಿಂಡಿ. ಅದು ಯಾರ ಮನೆಯದೆಂಬ ಲೆಕ್ಕ ಅವನಿಗಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಈ ಸೀಮೆಯ ನಿಜವಾದ ಊಟ ಜೋಳದ ರೊಟ್ಟಿ, ಅದು ಬಂಡಿಯಲ್ಲಿ ಸಿಗುವುದಿಲ್ಲ. ಮಾತು ಸರಿ. ಹಾಗಾಗಿ ಬೀದಿ ಸುತ್ತುವವರು ಒಂದು ಹೊತ್ತನ್ನು ಖಾನಾವಳಿಗೆ ಮೀಸಲಿಡಲೇಬೇಕು. ರೊಟ್ಟಿ, ಶೇಂಗಾ ಹಿಂಡಿ, 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಯ ಬ್ಯಾಳಿ, ಪುಂಡಿಪಲ್ಯ ಅಲ್ಲಿ ಒಂದೇ ತಟ್ಟೆಯಲ್ಲಿ ಬರುತ್ತವೆ. ಅಲ್ಲಿಯೂ ನನ್ನ ವಾದಕ್ಕೆ ಸಾಕ್ಷಿ ಸಿಗುತ್ತದೆ. ಖಾನಾವಳಿಯಲ್ಲಿ ಪಲ್ಯವಾಗುವ ಅದೇ ಹುಳಿ ಪುಂಡಿಸೊಪ್ಪು ದಖನಿ ಮನೆಗಳಲ್ಲಿ ಮಾಂಸದ ಜೊತೆ ಬೇಯುತ್ತದೆ, ತೆಲುಗು ಮನೆಗಳಲ್ಲಿ ಪಚ್ಚಡಿಯಾಗುತ್ತದೆ.

ಬರುವವರು ಚಳಿಗಾಲದಲ್ಲಿ ಬನ್ನಿ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಜಾತ್ರೆಯ ಸೊಗಸೇ ಬೇಕೆಂದರೆ ಹೋಳಿ ಹುಣ್ಣಿಮೆಯ ಬಳಿಕ ಶರಣಬಸವೇಶ್ವರ ತೇರಿದೆ, ಖ್ವಾಜಾ ಬಂದೇನವಾಜರ ಉರುಸಿಗೆ ಆ ವರ್ಷದ ಪಂಚಾಂಗ ನೋಡಿಕೊಳ್ಳಿ. ಎಣ್ಣೆ ಕಪ್ಪಾದ ಬಂಡಿಯನ್ನು ಬಿಟ್ಟು, ಜನ ನಿಂತ ಬಂಡಿಯ ಮುಂದೆ ನಿಲ್ಲಿ. ತಹರಿಗೆ ಹೊತ್ತು ಮೀರಿಸಬೇಡಿ. ಹಂಡೆ ಬರಿದಾದರೆ ಅಂದಿಗೆ ಮುಗಿಯಿತು.