ಕ್ಯಾಮೆರಾ ಜೂಮ್: ಬಿಸಿಲಲ್ಲಿ ಸೊಗಸು, ಸಭಾಂಗಣದಲ್ಲಿ ಮಸುಕು

ಅಂಗೈಯಗಲದ ಡಿಜಿಟಲ್ ಕ್ಯಾಮೆರಾದಲ್ಲೇ 10 ಪಟ್ಟು ಆಪ್ಟಿಕಲ್ ಜೂಮ್ ಒದಗಿಸಿದ ಪ್ಯಾನಸಾನಿಕ್ ಲೂಮಿಕ್ಸ್ ಟಿಜಡ್1 ಮಾರುಕಟ್ಟೆಗೆ ಬಂದದ್ದು 2006ರಲ್ಲಿ. ಬಿಸಿಲಿನಲ್ಲಿ ಗೋಪುರದ ತುದಿಯ ಶಿಲ್ಪವನ್ನೂ ಸ್ಪಷ್ಟವಾಗಿ ಸೆರೆಹಿಡಿಯುವ ಇಂಥ ಕ್ಯಾಮೆರಾಗಳು, ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಕುಣಿಯುವ ಮಗುವನ್ನು ಮಾತ್ರ ಮಸುಕಾಗಿಸುತ್ತವೆ ಎಂಬುದು ಬಳಕೆದಾರರ ಸಾಮಾನ್ಯ ಅನುಭವ. ಇದಕ್ಕೆ ಕಾರಣ ಬೆಳಕಿನ ಕೊರತೆ.

ಟಿಜಡ್1 ಲೆನ್ಸಿನ ಗರಿಷ್ಠ ಅಪರ್ಚರ್ ಜೂಮ್ ಮಾಡದಿದ್ದಾಗ ಎಫ್/2.8, ಪೂರ್ಣ ಜೂಮ್‌ನಲ್ಲಿ ಎಫ್/4.2. ಅಂದರೆ, ಸೆನ್ಸರ್ ತಲುಪುವ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಅದನ್ನು ಸರಿದೂಗಿಸಲು ಶಟರ್ ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಕಂಪನ ನಿಯಂತ್ರಣ ವ್ಯವಸ್ಥೆಯು ಕೈಯ ನಡುಕವನ್ನು ತಗ್ಗಿಸಬಲ್ಲದೇ ಹೊರತು ಮಗುವಿನ ಚಲನೆಯನ್ನಲ್ಲ. ಫ್ಲ್ಯಾಷ್ ಬೆಳಕು ಕೆಲವೇ ಮೀಟರ್‌ಗಳಾಚೆ ಕ್ಷೀಣಿಸುತ್ತದೆ. ಡಿಜಿಟಲ್ ಜೂಮ್ ಸಹ ನೆರವಾಗದು. ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೆ.

ಆದ್ದರಿಂದ ಸಭಾಂಗಣದಲ್ಲಿ ಆದಷ್ಟು ಮುಂದಿನ ಸಾಲಿನಲ್ಲಿ ಕುಳಿತು, ಜೂಮ್ ತಗ್ಗಿಸಿ, ಐಎಸ್‌ಒ ಹೆಚ್ಚಿಸಿ, ನೃತ್ಯದ ಭಂಗಿ ಕ್ಷಣಕಾಲ ನಿಲ್ಲುವುದನ್ನು ಕಾದು ಚಿತ್ರ ತೆಗೆಯುವುದು ಒಳಿತು. ಬಳಸಿದ ಕ್ಯಾಮೆರಾ ಕೊಳ್ಳುವವರು ಪೂರ್ಣ ಜೂಮ್‌ನ ಚಿತ್ರವನ್ನು ಅಂಗಡಿಯ ಒಳಗಿನ ಬೆಳಕಿನಲ್ಲೇ ತೆಗೆದು ಪರೀಕ್ಷಿಸಬೇಕು. ಬಿಸಿಲಿನಲ್ಲಿ ಕೆಟ್ಟ ಚಿತ್ರವನ್ನು ಮತ್ತೊಮ್ಮೆ ತೆಗೆಯಬಹುದು. ಮಗುವಿನ ಮೊದಲ ನೃತ್ಯ ಮರಳಿ ಬಾರದು.