ಹಾಡಿದವರು, ಬರೆದುಕೊಂಡವರು

ತುಳುನಾಡಿನ ಸಿರಿಯ ಪಾಡ್ದನವನ್ನು ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಎರಡು ಬಗೆಯಲ್ಲಿ ಕೊಟ್ಟಿದ್ದಾರೆ. 1980ರ ದಶಕದಲ್ಲಿ ಅವರು ನಿಧಾನವಾಗಿ ಹೇಳುತ್ತ ಹೋದರು, ಎದುರಿಗೆ ಕೂತವರು ಬರೆದುಕೊಂಡರು. ಆಗ ಸಿಕ್ಕಿದ್ದು ಸುಮಾರು ಎಂಟೂವರೆ ಸಾವಿರ ಸಾಲು. 1990ರ ಡಿಸೆಂಬರಿನಲ್ಲಿ ಅದೇ ಕತೆಯನ್ನು ಅವರು ಕ್ಯಾಮೆರಾ, ಟೇಪುಗಳ ಮುಂದೆ ದಿನಗಟ್ಟಲೆ ಹಾಡಿದರು. ಆಗ ಸಿಕ್ಕಿದ್ದು 15,683 ಸಾಲು. ಹಾಡುಗಾರ ಅವರೇ, ಕತೆಯೂ ಅದೇ. ಆದರೂ ಎರಡನೆಯದು ಮೊದಲನೆಯದರ ಹೆಚ್ಚೂಕಡಿಮೆ ಇಮ್ಮಡಿ.

ಜನಪದ ಹಾಡು ಸಂಗ್ರಹಿಸುವ ಕೆಲಸ ಎಂಥದ್ದು ಎಂದು ತಿಳಿಯಬೇಕಾದವರು ಮೊದಲು ಈ ಎರಡು ಅಂಕಿಗಳನ್ನು ನೋಡಬೇಕು. ಹೇಳಿಸಿ ಬರೆದುಕೊಳ್ಳುವಾಗ ಹಾಡುಗಾರ ಪೆನ್ನಿಗಾಗಿ ಕಾಯಬೇಕು. ಕಾದರೆ ಲಯ ಮುರಿಯುತ್ತದೆ. ಲಯ ಮುರಿದ ಕೂಡಲೇ ಮರುಕಳಿಸುವ ಸಾಲುಗಳು, ಮನೆಯ ವರ್ಣನೆ, ದಾರಿಯ ವರ್ಣನೆ, ಎಲೆ ಅಡಿಕೆ ಕೊಟ್ಟು ಕ್ಷೇಮ ವಿಚಾರಿಸುವ ಮಾತು ಎಲ್ಲವೂ ಉದುರಿ ಕತೆಯ ಎಲುಬಷ್ಟೇ ಉಳಿಯುತ್ತದೆ. ಇಡೀ ಪಾಡ್ದನ ಹಾಡುಗಾರನ ತಲೆಯೊಳಗೆ ಬಾಯಿಪಾಠವಾಗಿ ಕೂತಿರುವುದಿಲ್ಲ. ಕತೆಯ ದಾರಿ ಗೊತ್ತಿರುತ್ತದೆ, ಕಟ್ಟುವ ನುಡಿಗಳು ಕೈಯಳತೆಯಲ್ಲಿರುತ್ತವೆ, ಹಾಡುತ್ತ ಹಾಡುತ್ತ ಅದು ಅಲ್ಲೇ ಹುಟ್ಟುತ್ತದೆ.

1990ರ ಧ್ವನಿಮುದ್ರಣಕ್ಕೆ ಬಂದಿದ್ದವರು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ. ಜೊತೆಗೆ ಅನ್ನೇಲಿ ಹೊಂಕೊ, ನಮ್ಮವರೇ ಆದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ. ಆ ಹಾಡು 1998ರಲ್ಲಿ ಹೆಲ್ಸಿಂಕಿಯಿಂದ ಪುಸ್ತಕವಾಗಿ ಬಂತು. ಫಿನ್ಲೆಂಡಿನ ಹೆಮ್ಮೆಯ ಕಾವ್ಯ ‘ಕಾಲೆವಾಲ’ ಹುಟ್ಟಿದ ಬಗೆ ಬೇರೆ. ಎಲಿಯಾಸ್ ಲ್ಯೋನ್ರೋಟ್ ಎಂಬ ವೈದ್ಯ ಹಳ್ಳಿ ಹಳ್ಳಿ ಸುತ್ತಿ ಹಲವು ಹಾಡುಗಾರರಿಂದ ಪಡೆದ ತುಣುಕುಗಳನ್ನು ತಾನೇ ಹೊಲಿದು, 1835ರಲ್ಲಿ ಮೊದಲ ಬಾರಿ ಪ್ರಕಟಿಸಿದ. ಅಂಥ ನಾಡಿನಿಂದ ಬಂದ ಹೊಂಕೊ ಇಲ್ಲಿ ಮಾಡಿದ್ದು ಅದಕ್ಕೆ ತೀರ ಉಲ್ಟಾ: ಒಬ್ಬನೇ ಹಾಡುಗಾರ, ಒಂದೇ ಸಲದ ಹಾಡಿಕೆ, ಹೊಲಿಗೆ ಇಲ್ಲ.

ಹೊಲಿಗೆ ಇಲ್ಲದಿದ್ದರೂ ಕೇಳುವವರ ಕೈವಾಡ ಇದ್ದೇ ಇರುತ್ತದೆ. ಸಿರಿಯ ಕತೆ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಬಾಯಲ್ಲಿ ತುಂಡು ತುಂಡಾಗಿ ಬರುವಂಥದ್ದು, ಸಿರಿ ಜಾತ್ರೆಯಲ್ಲಿ ಆವೇಶದ ನಡುವೆ ಬರುವಂಥದ್ದು. ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಹಾಡಿ ಎಂದು ಊರಿನವರು ಯಾರೂ ಕೇಳುವುದಿಲ್ಲ. ಕೇಳಿದವರು ಸಂಗ್ರಹಕಾರರು. ಕೇಳಿದ್ದರಿಂದಲೇ ಆ ರೂಪ ಹುಟ್ಟಿತು. ಇದನ್ನು ದೋಷ ಎನ್ನಲು ನನಗೆ ಮನಸ್ಸಿಲ್ಲ. ಕೇಳುವವರು ಕೂತ ರೀತಿಯೂ ಹಾಡಿನೊಳಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು, ಅಷ್ಟೆ.

ಕನ್ನಡ ನಾಡಿನಲ್ಲಿ ಈ ಕೆಲಸ ಶುರುವಾದದ್ದು ಪರಂಗಿಯವರಿಂದ. ಚಾರ್ಲ್ಸ್ ಗೋವರ್ 1871ರಲ್ಲಿ ದಕ್ಷಿಣ ಭಾರತದ ಜನಪದ ಹಾಡುಗಳೆಂದು ಒಂದು ಪುಸ್ತಕ ತಂದ. ಅದರ ಕನ್ನಡ ಭಾಗದಲ್ಲಿ ಹೆಚ್ಚಿನವು ದಾಸರ ಪದಗಳು! ಶಾಸನಗಳ ಫ್ಲೀಟ್ ಸಾಹೇಬ 1880ರ ದಶಕದಲ್ಲಿ ಲಾವಣಿಗಳನ್ನು ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಲಾವಣಿ ಅಚ್ಚಿಗೆ ಬಂದದ್ದು ಹಾಗೆ. ರಾಯಣ್ಣನನ್ನು ಗಲ್ಲಿಗೇರಿಸಿದ ಸರ್ಕಾರದ ನೌಕರನೇ ಅವನ ಹಾಡನ್ನು ಕಾಪಾಡಿದ.

ನಮ್ಮವರ ಕೆಲಸದಲ್ಲಿ ಮೊದಲು ಹೇಳಬೇಕಾದದ್ದು ಕೊಡಗಿನ ನಡಿಕೇರಿಯಂಡ ಚಿಣ್ಣಪ್ಪ ಅವರದು. ಪೊಲೀಸ್ ಇಲಾಖೆಯಲ್ಲಿದ್ದ ಅವರು 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ಹಾಡುಗಳು ಕೊಡವ ತಕ್ಕಿನಲ್ಲಿ, ಲಿಪಿ ಕನ್ನಡದ್ದು. ನಾಲ್ವರು ದುಡಿ ಬಡಿಯುತ್ತ ಹಾಡುವ ಮದುವೆಯ ಹಾಡು, ಪುತ್ತರಿಯ ಹಾಡು, ದೇವರ ಹಾಡು, ಸಾವಿನ ಹಾಡು, ಜೊತೆಗೆ ರಾಶಿ ಗಾದೆಗಳು ಅದರಲ್ಲಿವೆ. ಯಾವ ಹಾಡು ಯಾವ ಕಟ್ಟುಕಟ್ಟಳೆಯ ಯಾವ ಘಳಿಗೆಯಲ್ಲಿ ಬರುತ್ತದೆ ಎಂದು ವಿವರಿಸಿರುವುದರಿಂದ ಈಗಲೂ ಕೊಡವರು ಆಚರಣೆಯಲ್ಲಿ ಅನುಮಾನ ಬಂದರೆ ಅದನ್ನು ತೆರೆಯುತ್ತಾರೆ.

ಇನ್ನು ಹಲಸಂಗಿ. ವಿಜಯಪುರ ಜಿಲ್ಲೆಯ, ಭೀಮಾ ತೀರದ ಸೀಮೆಯ ಈ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಇದ್ದರು. ಅವರ ಗುಂಪಿನಿಂದ 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ಇವರು ಹಾಡು ಹುಡುಕಲು ದೂರ ಹೋಗಬೇಕಿರಲಿಲ್ಲ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತವರು ಅವ್ವ, ಅಕ್ಕ, ನೆರೆಮನೆಯ ಅತ್ತಿಗೆ.

ಬೀಸುವ ಪದಗಳ ಹಂದರ ತ್ರಿಪದಿ. ಮೂರು ಸಾಲು, ಹನ್ನೊಂದು ಗಣ, ಅದರಲ್ಲಿ ಆರನೆಯದೂ ಹತ್ತನೆಯದೂ ಚಿಕ್ಕವು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು 1,300 ವರ್ಷದ ಹಿಂದೆಯೇ ಬಂಡೆಯ ಮೇಲೆ ಕಾಣುವ ಛಂದಸ್ಸು ಇದು. ಪುಸ್ತಕದಲ್ಲಿ ಮೂರು ಸಾಲಾಗಿ ನಿಲ್ಲುವ ತ್ರಿಪದಿ ಹಾಡುವಾಗ ಎರಡನೆಯ ಸಾಲಿನ ಮಾತನ್ನು ಮತ್ತೆ ಎತ್ತಿಕೊಂಡು ನಾಲ್ಕಾಗುತ್ತದೆ. ಒಬ್ಬಾಕೆ ಎತ್ತಿದ್ದನ್ನು ಎದುರಿನಾಕೆ ಹಿಡಿಯುತ್ತಾಳೆ, ಕಲ್ಲು ತಿರುಗುತ್ತದೆ. ಅಚ್ಚಾದ ಪುಟದಲ್ಲಿ ಕಲ್ಲೂ ಇಲ್ಲ, ಎದುರಿನಾಕೆಯೂ ಇಲ್ಲ. ಆದರೂ ಆ ತ್ರಿಪದಿಗಳು ತಾವೇ ನಿಂತವು. ನವೋದಯದ ಕವಿಗಳು ಅವನ್ನು ಕವಿತೆಯೆಂದೇ ಓದಿದರು. ಬೇಂದ್ರೆಯವರಿಗಂತೂ ಹಲಸಂಗಿಯವರು ಮನೆಯವರಂತೆ.

ಆ ತಲೆಮಾರಿನ ಮೇಲೆ ನನ್ನ ತಕರಾರು ಎರಡು. ಹಾಡಿದವರ ಹೆಸರು ಬರೆದುಕೊಳ್ಳುವ ರೂಢಿಯೇ ಆಗ ಸಾಮಾನ್ಯವಾಗಿ ಇರಲಿಲ್ಲ. ಹಾಡು ಜನಪದದ್ದು, ಆದ್ದರಿಂದ ಯಾರದ್ದೂ ಅಲ್ಲ ಎಂಬ ಭಾವನೆ. ಎರಡನೆಯದು, ತವರು, ತಾಯಿ, ತೊಟ್ಟಿಲ ಹಾಡುಗಳಿಗೆ ಸಿಕ್ಕ ಮಣೆ ಬೀಗರನ್ನು ಹೀಯಾಳಿಸುವ ಹಾಡಿಗೆ, ಹೋಳಿಯ ಪೋಲಿ ಪದಕ್ಕೆ ಸಿಗಲಿಲ್ಲ. ಬರೆದುಕೊಂಡವರು ಮರ್ಯಾದಸ್ಥರು. ಹಾಡಿದವರೂ ಮರ್ಯಾದಸ್ಥರೇ, ಆದರೆ ಅವರಿಗೆ ನಗು ಗೊತ್ತಿತ್ತು.

ಈಗ ಕೆಲಸ ನಡೆಯುವ ಬಗೆ ನೋಡಿ. ಹಳ್ಳಿಗೆ ಹೋಗಿ ಹಾಡಮ್ಮ ಎಂದರೆ ಬರುವ ಮೊದಲ ಉತ್ತರ ‘ನಂಗೇನೂ ಬರಾಕಿಲ್ಲ ಕಣಪ್ಪ’. ಅದನ್ನು ನಂಬಬಾರದು. ಜೊತೆಗಾತಿಯನ್ನು ಕರೆಸಿದರೆ, ಒಬ್ಬರ ಸಾಲನ್ನು ಇನ್ನೊಬ್ಬರು ತಿದ್ದತೊಡಗಿದರೆ ಹಾಡು ತಾನೇ ಬರುತ್ತದೆ. ಸೋಬಾನೆ ಹಾಡುವಾಕೆ ಒಬ್ಬಳೇ ಕೂತರೆ ಎರಡನೇ ನುಡಿಗೇ ತಡವರಿಸುತ್ತಾಳೆ. ಸಾವಿನ ಹಾಡನ್ನು ಮನೆಯೊಳಗೆ ಸುಮ್ಮನೆ ಹಾಡು ಎಂದರೆ ಬೈಸಿಕೊಳ್ಳಬೇಕಾಗುತ್ತದೆ.

ಬಳಿಕ ಟೇಪನ್ನು ಅಕ್ಷರಕ್ಕೆ ಇಳಿಸಬೇಕು. ನಿಜವಾದ ದುಡಿಮೆ ಇದೇ. ಒಂದು ಗಂಟೆಯ ಹಾಡು ದಿನಗಳನ್ನೇ ನುಂಗುತ್ತದೆ. ಹಾಡಿದಾಕೆ ‘ಊವು’ ಎಂದರೆ ‘ಹೂವು’ ಎಂದು ಬರೆಯಬೇಕೋ ‘ಊವು’ ಎಂದೇ ಬಿಡಬೇಕೋ? ಹಳೆಯ ಸಂಗ್ರಹಕಾರರಲ್ಲಿ ಹಲವರು ತಿದ್ದಿದರು. ಈಗಿನವರು ಬಹುಮಟ್ಟಿಗೆ ಬಾಯಿಗೆ ಬಂದಂತೆಯೇ ಬರೆಯುತ್ತಾರೆ, ಓದುಗ ಮುಗ್ಗರಿಸಿದರೂ ಸರಿ. ಜೊತೆಗೆ ಬರೆದುಕೊಳ್ಳಬೇಕಾದ ವಿವರಗಳಲ್ಲಿ ಬಹಳ ಮುಖ್ಯವಾದದ್ದು ಆಕೆಯ ತವರೂರು ಯಾವುದು, ಯಾರಿಂದ ಕಲಿತಳು ಎಂಬುದು. ಹೆಣ್ಣುಮಕ್ಕಳ ಹಾಡು ಸೊಸೆಯ ಜೊತೆ ಊರು ಬದಲಿಸುತ್ತದೆ. ಒಂದು ಹಾಡು ಎಲ್ಲೆಲ್ಲಿ ಸಿಕ್ಕಿತೆಂದು ಗುರುತು ಹಾಕುತ್ತ ಹೋದರೆ, ಆ ಸೀಮೆಯಲ್ಲಿ ಹೆಣ್ಣು ಕೊಟ್ಟು ತಂದ ಊರುಗಳ ನಕ್ಷೆಯೇ ಮೂಡಬಹುದು.

ಗಂಡಸರ ದೊಡ್ಡ ಕತೆಗಳ ದಾರಿ ಬೇರೆ. ಮಾದಪ್ಪನ ಕತೆಯನ್ನು ಕಂಸಾಳೆಯ ದೇವರಗುಡ್ಡರು, ಮಂಟೇಸ್ವಾಮಿಯ ಕತೆಯನ್ನು ನೀಲಗಾರರು ದೀಕ್ಷೆ ಪಡೆದು ಹಾಡುತ್ತಾರೆ. ಕಂಸಾಳೆಯವರು ಕತೆಯ ಒಂದೊಂದು ಭಾಗವನ್ನು ಒಂದೊಂದು ‘ಸಾಲು’ ಎನ್ನುತ್ತಾರೆ: ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಒಂದು ರಾತ್ರಿಗೆ ಒಂದೇ ಸಾಲು ಮುಗಿದರೂ ಮುಗಿಯಿತು. 1960ರಿಂದೀಚೆಗೆ ಜೀ.ಶಂ. ಪರಮಶಿವಯ್ಯ ಮತ್ತು ಅವರ ಬಳಗ ಇಂಥ ಕಾವ್ಯಗಳನ್ನು ಹಿಡಿದರು, ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಬಂತು. ಕನ್ನಡದ ಮಹಾಕಾವ್ಯಗಳೆಂದರೆ ಪಂಪನಿಂದ ಎಣಿಸುತ್ತಿದ್ದವರು ಆಮೇಲೆ ಹೊಸದಾಗಿ ಎಣಿಸಬೇಕಾಯಿತು. ಹೆಸರಿನ ತಕರಾರೂ ಮೆಲ್ಲಗೆ ಪರಿಹಾರವಾಯಿತು. ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ ಮೇಲೆ, ಕವಿಯೆಂದು ಕರೆಯಲು ಒಬ್ಬ ಅಜ್ಜಿಯೇ ಸಿಕ್ಕಳು.

ಸಂಸ್ಥೆಗಳೂ ಬೆಳೆದವು. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ, ಕು.ಶಿ. ಹರಿದಾಸ ಭಟ್ಟರು ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕಟ್ಟಿದ ಕೇಂದ್ರ, 2011ರಲ್ಲಿ ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ ಬಂದ ಜಾನಪದ ವಿಶ್ವವಿದ್ಯಾಲಯ. ಸಂಸ್ಥೆ ಇದ್ದರೆ ಸಾಲದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಅದನ್ನು ನುಡಿಸುವ ಯಂತ್ರವೂ ಕೆಡುತ್ತದೆ, ಸರಿ ಮಾಡುವವರು ಸಿಗುವುದಿಲ್ಲ.

ಓದುಗರು ಸುಲಭವಾಗಿ ಹೋಗಿ ನೋಡಬಹುದಾದದ್ದು ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ. ಐಎಎಸ್ ಅಧಿಕಾರಿಯಾಗಿದ್ದ ಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಶುರು ಮಾಡಿದರು. ಹದಿನೈದು ಎಕರೆಯ ಈ ಲೋಕ ಅದರ ಫಲ. ಬಂದವರಲ್ಲಿ ಬಹುಪಾಲು ಜನ ವಾಡೆ, ಕಣಜ, ಸೂತ್ರದ ಗೊಂಬೆ ನೋಡಿ, ಫೋಟೊ ತೆಗೆಸಿಕೊಂಡು, ಊಟಕ್ಕೆ ಹೊತ್ತಾಯಿತೆಂದು ಹೊರಡುತ್ತಾರೆ. ಗೌಡರು ಊರೂರಿನ ಕಲಾವಿದರನ್ನು ಹಾಡಿಸಿ ಮಾಡಿಸಿದ ಧ್ವನಿಮುದ್ರಣಗಳೂ ಅಲ್ಲಿವೆ. ಕೇಳಬೇಕೆನ್ನುವವರು ವಿಚಾರಿಸಿಕೊಂಡು, ಸಮಯ ಇಟ್ಟುಕೊಂಡು ಹೋಗುವುದು ಒಳ್ಳೆಯದು. ದಶಪಥ ಹಿಡಿದರೆ ಕಾಣುವುದಿಲ್ಲ. ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲೇ ಹೋಗಬೇಕು.