ಮೂಲೆಯ ಕಾವಲಿಗೆ ನಾಲ್ವರು

2022ರ ಆಗಸ್ಟಿನಲ್ಲಿ, ಅಮೆರಿಕದ ದಕ್ಷಿಣ ಭಾಗದ ಅಲಬಾಮ ಸಂಸ್ಥಾನದ ಟಸ್ಕಲೂಸಾ ನಗರದಲ್ಲಿ, ಅಲ್ಲಿಯ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡ ಹೊಸ ಋತುವಿನ ಅಭ್ಯಾಸಕ್ಕೆ ಇಳಿದಾಗ, ಕಾರ್ನರ್‌ಬ್ಯಾಕ್ ಎಂಬ ಎರಡು ಸ್ಥಾನಗಳಿಗೆ ನಾಲ್ವರು ತರುಣರು ಸ್ಪರ್ಧಿಗಳಾಗಿದ್ದರು. ಆ ನಾಲ್ವರಲ್ಲಿ ಯಾರೊಬ್ಬನನ್ನು ಬೇರೊಂದು ವಿದ್ಯಾಲಯಕ್ಕೆ ಕಳುಹಿಸಿದ್ದರೂ ಅಲ್ಲಿ ಬಹುಶಃ ಮರುಮಾತಿಲ್ಲದೆ ಮೊದಲ ಸ್ಥಾನ ದೊರೆಯುತ್ತಿತ್ತು. ಇಲ್ಲಿ ಇಬ್ಬರು ಆಡಬೇಕು, ಇಬ್ಬರು ಕಾಯಬೇಕು. ಆ ಸ್ಪರ್ಧೆಯಲ್ಲಿ ಗೆದ್ದವರೆಂದು ಆಗ ತೋರಿದವರು ಮುಂದೆ ಏನಾದರು, ಹಿಂದೆ ಬಿದ್ದವರೆಂದು ತೋರಿದವರು ಏನಾದರು ಎಂಬುದನ್ನು ಅನುಸರಿಸಿ ನೋಡಿದರೆ, ಪಟ್ಟಿಯ ಮೇಲಿನ ಹೆಸರನ್ನು ಕಂಡು ಒಬ್ಬ ಆಟಗಾರನ ಯೋಗ್ಯತೆಯನ್ನು ತೀರ್ಮಾನಿಸುವುದು ಎಷ್ಟು ಅವಸರದ ಕೆಲಸವೆಂಬುದು ಗೊತ್ತಾಗುತ್ತದೆ.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಮೊದಲು ಕೆಲವು ಮಾತು. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಎರಡು ತುದಿಯೂ ಚೂಪಾದ ಅಂಡಾಕಾರದ್ದು; ಅದನ್ನು ಒದೆಯುವುದು ಅಪರೂಪ, ಹಿಡಿದು ಓಡುವುದೂ ಎಸೆಯುವುದೂ ವಾಡಿಕೆ. ನೂರು ಗಜ ಉದ್ದದ ಬಯಲಿನಲ್ಲಿ ಹನ್ನೊಂದು ಮಂದಿಯ ಪಕ್ಷವೊಂದು ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿಯಬೇಕು. ಮುಂದುವರಿದರೆ ಮತ್ತೆ ನಾಲ್ಕು ಯತ್ನಗಳು ಲಭಿಸುತ್ತವೆ. ಹೀಗೆ ಸಾಗಿ ಎದುರಾಳಿಯ ಕೊನೆಯ ಗೆರೆಯನ್ನು ದಾಟಿದರೆ ಟಚ್‌ಡೌನ್, ಅಂದರೆ ಆರು ಅಂಕ. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ದೂರ ಓಡಿಹೋಗಿ ಅದನ್ನು ಹಿಡಿಯುವವನು ರಿಸೀವರ್. ರಕ್ಷಣೆಯ ಪಕ್ಷದ ಎರಡು ಅಂಚುಗಳಲ್ಲಿ ನಿಂತು, ಆ ರಿಸೀವರನನ್ನು ನೆರಳಿನಂತೆ ಹಿಂಬಾಲಿಸಿ, ಅವನ ಕೈಗೆ ಚೆಂಡು ಸಿಕ್ಕದಂತೆ ನೋಡಿಕೊಳ್ಳತಕ್ಕವನೇ ಕಾರ್ನರ್‌ಬ್ಯಾಕ್. ಕಬಡ್ಡಿಯ ಅಂಕಣದ ಎರಡು ಮೂಲೆಗಳಲ್ಲಿ ರೈಡರನ ಪಾದದ ಮೇಲೆ ಕಣ್ಣಿಟ್ಟು ಬಾಗಿ ನಿಲ್ಲುವ ಕಾರ್ನರ್ ಆಟಗಾರರನ್ನು ನೆನೆದುಕೊಂಡರೆ ಈ ಸ್ಥಾನದ ಸ್ವಭಾವ ನಮಗೆ ಸ್ವಲ್ಪ ಹೊಳೆದೀತು. ಆದರೆ ಕಬಡ್ಡಿಯವನಿಗೆ ಕೈಹಿಡಿದ ಜೊತೆಗಾರನುಂಟು, ಇವನು ಬಹುಮಟ್ಟಿಗೆ ಒಂಟಿ.

ಈ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಮೊದಲು ಅನುಮತಿಯೇ ಇರಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು ನೂಕುವುದೇ ಆಟವಾಗಿದ್ದ ಕಾಲದಲ್ಲಿ ವಿದ್ಯಾರ್ಥಿಗಳು ಮೈದಾನದಲ್ಲೇ ಪ್ರಾಣ ಕಳೆದುಕೊಳ್ಳುತ್ತಿದ್ದರು. 1905ರಲ್ಲಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಎಚ್ಚರಿಸಿದರು. ಮಾರನೆಯ ವರ್ಷ ನಿಯಮಗಳು ಬದಲಾಗಿ ಮುಂದಕ್ಕೆಸೆತ ಶಾಸ್ತ್ರಸಮ್ಮತವಾಯಿತು. ಆಟದ ಬಯಲು ಆಕಾಶಕ್ಕೂ ವಿಸ್ತರಿಸಿತು. ಆ ಆಕಾಶವನ್ನು ಕಾಯುವವನ ಅವಶ್ಯಕತೆ ಕಾಲಕ್ರಮದಲ್ಲಿ ಹುಟ್ಟಿತು.

ಕಾಲೇಜು ಆಟದಲ್ಲಿ ಈ ಎರಡು ಮೂಲೆಗಳು ಸಮನಾದವಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಮೈದಾನದ ಅಗಲ 160 ಅಡಿ. ಚೆಂಡನ್ನು ಪ್ರತಿ ಯತ್ನಕ್ಕೂ ಮೊದಲು ಎರಡು ಅಡ್ಡಗುರುತುಗಳ ನಡುವೆ ಎಲ್ಲಿಯಾದರೂ ಇಡುತ್ತಾರೆ; ವೃತ್ತಿಪರ ಆಟದಲ್ಲಿ ಆ ಗುರುತುಗಳು ನಡುಮಧ್ಯಕ್ಕೆ ಹತ್ತಿರವಿದ್ದರೆ, ಕಾಲೇಜು ಆಟದಲ್ಲಿ ಪರಸ್ಪರ 40 ಅಡಿ ದೂರದಲ್ಲಿರುತ್ತವೆ. ಚೆಂಡು ಒಂದು ಗುರುತಿನ ಮೇಲೆ ಕುಳಿತಿತೆಂದರೆ ಒಂದು ಪಾರ್ಶ್ವದಲ್ಲಿ 60 ಅಡಿ, ಇನ್ನೊಂದು ಪಾರ್ಶ್ವದಲ್ಲಿ 100 ಅಡಿ ತೆರಪು ಉಳಿಯುತ್ತದೆ. ಅಗಲವಾದ ಪಾರ್ಶ್ವವನ್ನು ಕಾಯುವವನಿಗೆ ಓಟ ಬೇಕು, ತಾಳ್ಮೆ ಬೇಕು. ಕಿರಿದಾದ ಪಾರ್ಶ್ವದವನಿಗೆ ಕ್ವಾರ್ಟರ್‌ಬ್ಯಾಕ್ ಹತ್ತಿರವಿರುವುದರಿಂದ ಎಸೆತ ಬೇಗ ಬಂದು ತಲುಪುತ್ತದೆ, ಚೆಂಡು ಹಿಡಿದು ನುಗ್ಗುವವನನ್ನು ಕೆಡಹುವ ಸಂದರ್ಭವೂ ಹೆಚ್ಚು, ಆದ್ದರಿಂದ ಮೈಬಲವೂ ಎದೆಗಾರಿಕೆಯೂ ಬೇಕು. ಎರಡು ಸ್ಥಾನಗಳಿಗೆ ನಾಲ್ವರಿರುವಾಗ, ಕೋಚ್ ಆದವರು ಇವರಲ್ಲಿ ಯಾರು ಉತ್ತಮರು ಎಂದಷ್ಟೇ ಯೋಚಿಸಿದರೆ ಸಾಲದು. ಯಾರು ಯಾವ ಮೂಲೆಗೆ ಎಂಬುದನ್ನೂ ತೂಗಿ ನೋಡಬೇಕು.

ಇನ್ನು ಕೆಲಸದ ಕಷ್ಟ. ರಿಸೀವರನಿಗೆ ತಾನು ಎಲ್ಲಿಗೆ ಓಡಬೇಕೆಂಬುದು ಮೊದಲೇ ಗೊತ್ತು, ಕಾರ್ನರ್‌ಬ್ಯಾಕಿಗೆ ಗೊತ್ತಿಲ್ಲ. ಅವನು ಮುಂದಕ್ಕೆ ಓಡುತ್ತಾನೆ, ಇವನು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಅವನಷ್ಟೇ ವೇಗವನ್ನು ಕಾಯ್ದುಕೊಳ್ಳಬೇಕು. ತಲೆ, ಕಣ್ಣು, ಭುಜಗಳಿಂದ ರಿಸೀವರ್ ಎಷ್ಟು ಬೇಕಾದರೂ ವಂಚಿಸಬಲ್ಲ, ಆದರೆ ಸೊಂಟದಿಂದ ವಂಚಿಸಲಾರ; ಆದುದರಿಂದ ದೃಷ್ಟಿಯನ್ನು ಅವನ ಸೊಂಟದ ಮೇಲೆ ನೆಡಬೇಕೆಂಬುದು ಎಳೆಯರಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಮೊಳದಷ್ಟು ಅಂತರದಲ್ಲಿ ಎದುರುಬದುರು ನಿಂತು, ಆಟ ಆರಂಭವಾದೊಡನೆಯೆ ಕೈಯಿಂದ ಅವನ ಎದೆಯನ್ನು ತಡೆದು, ಅವನು ಬಲಕ್ಕೆ ತಿರುಗಿದರೆ ಎಡಗಾಲನ್ನು ನೂಕಿ ತಾನೂ ಹೊರಳಿ, ಓಡುತ್ತಿರುವಾಗಲೇ ಅವನ ಕೈಗಳು ಮೇಲೇಳುವುದನ್ನು ಕಂಡು ಚೆಂಡು ಬಂದಿತೆಂದು ಊಹಿಸಿ, ತಾನು ಇನ್ನೂ ನೋಡದಿರುವ ಚೆಂಡಿನ ಕಡೆಗೆ ಕೈ ಚಾಚುವುದು, ಇಷ್ಟೂ ಕಾರ್ಯ ಮೂರು ನಾಲ್ಕು ಸೆಕೆಂಡುಗಳಲ್ಲಿ ಮುಗಿಯತಕ್ಕದ್ದು. ಕೈ ಒಂದು ಕ್ಷಣ ಮೊದಲೇ ತಾಗಿತೋ, ತೀರ್ಪುಗಾರನ ಹಳದಿ ಬಟ್ಟೆ ನೆಲಕ್ಕೆ ಬೀಳುತ್ತದೆ, ಎದುರಾಳಿಗೆ ಹದಿನೈದು ಗಜಗಳವರೆಗೆ ಪುಕ್ಕಟೆಯಾಗಿ ದೊರೆಯುತ್ತವೆ, ಜೊತೆಗೆ ಹೊಸ ನಾಲ್ಕು ಯತ್ನಗಳು. ಒಂದು ಕ್ಷಣ ತಡವಾಯಿತೋ, ಟಚ್‌ಡೌನ್.

ಇಲ್ಲಿ ಸಫಲತೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂಬುದೇ ಈ ಸ್ಥಾನದ ದೊಡ್ಡ ಕಠಿನತೆ ಎಂದು ನನಗೆ ತೋರುತ್ತದೆ. ರಿಸೀವರನನ್ನು ಚೆನ್ನಾಗಿ ಕಾದರೆ ಕ್ವಾರ್ಟರ್‌ಬ್ಯಾಕ್ ಅತ್ತ ಎಸೆಯುವುದೇ ಇಲ್ಲ. ದೂರದರ್ಶನದ ಚಿತ್ರವೂ ಅತ್ತ ತಿರುಗುವುದಿಲ್ಲ. ಸಿನ್ಸಿನಾಟಿ ವಿಶ್ವವಿದ್ಯಾನಿಲಯದ 2021ರ ತಂಡ ಇದಕ್ಕೆ ಒಳ್ಳೆಯ ನಿದರ್ಶನ. ಒಂದು ಮೂಲೆಯಲ್ಲಿ ಸಾಸ್ ಗಾರ್ಡ್‌ನರ್. ಕಾಲೇಜಿನಲ್ಲಿ ಆಡಿದಷ್ಟು ಕಾಲವೂ ತಾನು ಕಾದವನಿಗೆ ಒಂದು ಟಚ್‌ಡೌನನ್ನೂ ಬಿಟ್ಟುಕೊಡದವನೆಂದು ಖ್ಯಾತಿ ಪಡೆದವನು. ಎದುರಾಳಿಗಳು ಸಹಜವಾಗಿಯೇ ಅವನನ್ನು ಬಿಟ್ಟು ಇನ್ನೊಂದು ಮೂಲೆಯ ಕೋಬಿ ಬ್ರಯಂಟನ ಕಡೆಗೆ ಎಸೆದರು. ಎಸೆದಷ್ಟೂ ಬ್ರಯಂಟ್ ತಡೆದ. ಆ ವರ್ಷ ದೇಶದ ಅತ್ಯುತ್ತಮ ಹಿಂಸಾಲಿನ ರಕ್ಷಕನಿಗೆ ಸಲ್ಲುವ ಜಿಮ್ ಥಾರ್ಪ್ ಪ್ರಶಸ್ತಿ ಬ್ರಯಂಟನಿಗೆ ಸಂದಿತು. ಮರುವರ್ಷ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಗಾರ್ಡ್‌ನರ್ ಇಡೀ ದೇಶದಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ. ಇಬ್ಬರಲ್ಲಿ ಯಾರ ಆಟ ದೊಡ್ಡದೆಂಬುದನ್ನು ಅಂಕಿಗಳಿಂದ ನಿರ್ಣಯಿಸುವುದು ಹೇಗೆ?

ಈ ಕಾರಣದಿಂದ ಕಾರ್ನರ್‌ಬ್ಯಾಕುಗಳ ನಿಜವಾದ ಪರೀಕ್ಷೆ ಸಾವಿರಾರು ಜನರೆದುರಿನ ಪಂದ್ಯಕ್ಕಿಂತ ಅಭ್ಯಾಸದ ಬಯಲಿನಲ್ಲಿಯೇ ನಡೆಯುವುದು. ಅಲಬಾಮದಲ್ಲಿ ಆ ಬಯಲಿನ ಅಧಿಪತಿ ನಿಕ್ ಸೇಬನ್. ತಾವು ಕೆಂಟ್ ಸ್ಟೇಟ್ ವಿದ್ಯಾಲಯದಲ್ಲಿ ಹಿಂಸಾಲಿನ ರಕ್ಷಕರಾಗಿ ಆಡಿದವರು. ಮುಖ್ಯ ಕೋಚ್ ಆಗಿ ಏಳು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದ ಮೇಲೆಯೂ, ಉಳಿದ ವಿಭಾಗಗಳನ್ನು ಸಹಾಯಕರಿಗೆ ಒಪ್ಪಿಸಿ, ತಲೆಗೆ ಹುಲ್ಲಿನ ಟೊಪ್ಪಿಗೆ ಧರಿಸಿ, ಕಾರ್ನರ್‌ಬ್ಯಾಕುಗಳ ಮಧ್ಯದಲ್ಲಿಯೇ ನಿಂತು, ಕೈಯಾರ ಚೆಂಡೆಸೆದು, ಹೆಜ್ಜೆ ತಪ್ಪಿದವನನ್ನು ಗದರಿಸಿ ತಿದ್ದುತ್ತಿದ್ದವರು. ಅವರ ಕಣ್ಣೆದುರಿಗೆ ನಾಲ್ವರು ಸರದಿಯಂತೆ ನಿಲ್ಲಬೇಕು. ಇದೇ ತಂಡದ ಶ್ರೇಷ್ಠ ರಿಸೀವರುಗಳ ಎದುರು ದಿನವೂ ಓಡಬೇಕು. ಪ್ರತಿಯೊಂದು ಓಟದ ಚಿತ್ರವನ್ನೂ ಸಂಜೆ ತೆರೆಯ ಮೇಲೆ ನೋಡಿ ತಪ್ಪನ್ನು ಕೇಳಿಸಿಕೊಳ್ಳಬೇಕು. ಯಾವ ಸ್ಥಾನಕ್ಕೆ ಯಾರು ಮೊದಲು, ಯಾರು ಎರಡನೆಯವರು ಎಂದು ತಿಳಿಸುವ ಡೆಪ್ತ್ ಚಾರ್ಟ್ ಎಂಬ ಪಟ್ಟಿ ಈ ಸಂಜೆಗಳಿಂದಲೇ ಹುಟ್ಟುವುದು.

ಆ ವರ್ಷದ ನಾಲ್ವರನ್ನು ಪರಿಚಯಿಸುತ್ತೇನೆ. ಮೊದಲನೆಯವನು ಗಕ್ವಿನ್ಸಿ ಮೆಕಿನ್‌ಸ್ಟ್ರಿ. ಅಜ್ಜಿ ಅವನ ನಗುವನ್ನು ಕಂಡು ಮಕ್ಕಳ ಪಾನಕವೊಂದರ ಹೆಸರಿನಿಂದ 'ಕೂಲ್‌ಏಡ್' ಎಂದು ಕರೆದಳು, ದೇಶವೆಲ್ಲ ಹಾಗೆಯೇ ಕರೆಯಿತು. ಎರಡನೆಯವನು ಈಲೈ ರಿಕ್ಸ್. ಪ್ರತಿಸ್ಪರ್ಧಿ ಲೂಯಿಸಿಯಾನ ಸ್ಟೇಟ್ ತಂಡದಲ್ಲಿ ಮೊದಲ ವರ್ಷವೇ ಹೆಸರು ಗಳಿಸಿ, ಅನಂತರ ಗಾಯಗೊಂಡು, ಅಲಬಾಮಕ್ಕೆ ವರ್ಗವಾಗಿ ಬಂದವನು. ಬಂದಾಗ ನಾಲ್ವರಲ್ಲಿ ಅವನದೇ ಹೆಚ್ಚಿನ ಪ್ರಸಿದ್ಧಿ. ಮೂರನೆಯವನು ಕೈರಿ ಜಾಕ್ಸನ್. ಹೈಸ್ಕೂಲು ಮುಗಿಸಿ ದಿನಸಿ ಅಂಗಡಿಯಲ್ಲಿ ದುಡಿದು, ಸಣ್ಣ ಕಾಲೇಜುಗಳ ಮೂಲಕ ಮೇಲೇರಿದವನು. 2022ರ ಜನವರಿ 10ರಂದು ಜಾರ್ಜಿಯ ತಂಡದ ವಿರುದ್ಧ ರಾಷ್ಟ್ರೀಯ ಅಂತಿಮ ಪಂದ್ಯ ನಡೆದಾಗ ಇಬ್ಬರು ಹಿರಿಯ ಕಾರ್ನರ್‌ಬ್ಯಾಕುಗಳು ಗಾಯದಿಂದ ಹೊರಗುಳಿಯಲು, ಮೆಕಿನ್‌ಸ್ಟ್ರಿಯೂ ಇವನೂ ಆ ಭಾರವನ್ನು ಹೊರಬೇಕಾಯಿತು. ಕೊನೆಯ ಕಾಲುಭಾಗದಲ್ಲಿ ಇವನು ಪಕ್ಕದಲ್ಲಿಯೇ ಇರುವಾಗ ಅಡೊನೈ ಮಿಚೆಲ್ 40 ಗಜದ ಎಸೆತವನ್ನು ಹಿಡಿದು ಜಾರ್ಜಿಯಕ್ಕೆ ಮುನ್ನಡೆ ತಂದ, ಅಲಬಾಮ 33-18ರಿಂದ ಸೋತಿತು. ನಾಲ್ಕನೆಯವನು ಟೆರಿಯನ್ ಆರ್ನಲ್ಡ್. ಸೇಫ್ಟಿ ಎಂಬ ಒಳಗಿನ ಸ್ಥಾನದಿಂದ ಈ ಮೂಲೆಗೆ ಸರಿಸಲ್ಪಟ್ಟು, ಮೊದಲ ವರ್ಷವನ್ನು ಪಂದ್ಯಗಳಿಂದ ಹೊರಗೆ ಕಲಿಕೆಯಲ್ಲಿಯೇ ಕಳೆದವನು. ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಋತು ಆಡಬಹುದೆಂಬ ನಿಯಮವಿದ್ದುದರಿಂದ ಹೀಗೆ ಒಂದು ವರ್ಷ ಕಾಯಿಸುವುದು ಅಲ್ಲಿ ರೂಢಿಯಾಗಿತ್ತು.

ಮೆಕಿನ್‌ಸ್ಟ್ರಿಯ ವಿಷಯದಲ್ಲಿ ಹೆಚ್ಚು ಸಂದೇಹವಿರಲಿಲ್ಲ. ಇನ್ನೊಂದು ಮೂಲೆ ಆರಂಭದಲ್ಲಿ, ಅನೇಕರಿಗೆ ಆಶ್ಚರ್ಯವಾಗುವಂತೆ, ಆರ್ನಲ್ಡನಿಗೆ ದೊರೆಯಿತು. ಖ್ಯಾತನಾಗಿ ಬಂದ ರಿಕ್ಸ್ ಬೆಂಚಿನ ಮೇಲೆ ಕುಳಿತ. ಅಕ್ಟೋಬರ್ 15ರಂದು ಟೆನೆಸಿ ತಂಡ ಅಲಬಾಮವನ್ನು 52-49ರಿಂದ ಸೋಲಿಸಿತು. ಜೇಲಿನ್ ಹಯಟ್ ಎಂಬ ರಿಸೀವರನೊಬ್ಬನೇ ಐದು ಟಚ್‌ಡೌನ್ ಗಳಿಸಿದ. ಹಯಟ್ ಹೆಚ್ಚಾಗಿ ಒಳಭಾಗದಿಂದ ಓಡುವವನು. ಅವನನ್ನು ಯಾರು ಕಾಯಬೇಕೆಂಬ ಗೊಂದಲ ಇಡೀ ಹಿಂಸಾಲಿನದು, ಒಬ್ಬ ಕಾರ್ನರ್‌ಬ್ಯಾಕಿನದಲ್ಲ. ಆದರೂ ಮುಂದಿನ ಶನಿವಾರ, ಎಸೆತವನ್ನೇ ನೆಚ್ಚಿ ಆಡುವ ಮೈಕ್ ಲೀಚರ ಮಿಸಿಸಿಪಿ ಸ್ಟೇಟ್ ತಂಡದೆದುರು, ಆರ್ನಲ್ಡನ ಸ್ಥಾನದಲ್ಲಿ ರಿಕ್ಸ್ ನಿಂತಿದ್ದ. ಎಸೆತಗಳನ್ನು ಮೇಲಿಂದ ಮೇಲೆ ತಟ್ಟಿ ಕೆಡಹಿದ. ತಂಡ 30-6ರಿಂದ ಗೆದ್ದಿತು. ಜನರ ತೀರ್ಪು ಅಂದೇ ಮುಗಿಯಿತು: ರಿಕ್ಸ್ ಬಂದ, ಆರ್ನಲ್ಡ್ ಹೋದ.

ಆ ತೀರ್ಪು ಎಷ್ಟು ಹುಸಿಯಾಯಿತೆಂಬುದನ್ನು ಕಾಲ ತೋರಿಸಿತು. ಆ ಋತು ಮುಗಿದ ಮೇಲೆ ವೃತ್ತಿಪರ ಆಯ್ಕೆಗೆ ನಿಂತ ರಿಕ್ಸನನ್ನು ಯಾವ ತಂಡವೂ ಆರಿಸಲಿಲ್ಲ. ಅನಂತರ ಫಿಲಡೆಲ್ಫಿಯ ತಂಡ ಅವನೊಡನೆ ಬಿಡಿ ಒಪ್ಪಂದ ಮಾಡಿಕೊಂಡಿತು. ಬೆಂಚಿಗೆ ಇಳಿದ ಆರ್ನಲ್ಡ್ ಅಲ್ಲಿಯೇ ಉಳಿದು 2023ರಲ್ಲಿ ಮೆಕಿನ್‌ಸ್ಟ್ರಿಯ ಎದುರು ಮೂಲೆಯನ್ನು ಕಾದ. ಎದುರಾಳಿಯ ಎಸೆತಗಳನ್ನು ಐದು ಸಲ ಕಸಿದುಕೊಂಡ. 2024ರಲ್ಲಿ ಡೆಟ್ರಾಯಿಟ್ ತಂಡ ಅವನನ್ನು ಮೊದಲ ಸುತ್ತಿನಲ್ಲಿ, 24ನೆಯವನಾಗಿ ಆರಿಸಿತು. ಎಂದೂ ಸ್ಥಾನ ಕಳೆದುಕೊಳ್ಳದಿದ್ದ ಮೆಕಿನ್‌ಸ್ಟ್ರಿ ಅವನಿಗಿಂತ ಹಿಂದೆ, ಎರಡನೆಯ ಸುತ್ತಿನಲ್ಲಿ, ನ್ಯೂ ಆರ್ಲಿಯನ್ಸ್ ತಂಡ ಸೇರಿದ. ಜಾಕ್ಸನ್ ಅಲಬಾಮವನ್ನು ಬಿಟ್ಟು ಪಶ್ಚಿಮದ ಆರೆಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಅಲ್ಲಿ ತನ್ನ ಪೂರ್ಣ ಶಕ್ತಿಯನ್ನು ತೋರಿಸಿ, ನಾಲ್ಕನೆಯ ಸುತ್ತಿನಲ್ಲಿ ಮಿನೆಸೋಟದ ತಂಡಕ್ಕೆ ಆಯ್ಕೆಯಾದ. ಅಂಗಡಿಯ ಕೆಲಸದಿಂದ ಹೊರಟವನ ದಾರಿ ಅಲ್ಲಿಗೆ ತಲುಪಿತೆಂದು ಸಂತೋಷಪಡುವಷ್ಟರಲ್ಲಿ, 2024ರ ಜುಲೈ 6ರಂದು, ತನ್ನ ಹುಟ್ಟುನಾಡಾದ ಮೇರಿಲ್ಯಾಂಡಿನಲ್ಲಿ ವಾಹನ ಅಪಘಾತವೊಂದರಲ್ಲಿ ಇಬ್ಬರು ಹಳೆಯ ಸಹಪಾಠಿ ಆಟಗಾರರೊಡನೆ ಆತ ತೀರಿಕೊಂಡ. ವೃತ್ತಿಪರ ಪಂದ್ಯವೊಂದನ್ನೂ ಆತ ಆಡಲಾಗಲಿಲ್ಲ.

ಜಾಕ್ಸನ್, ರಿಕ್ಸ್ ಇಬ್ಬರೂ ಒಂದು ವಿದ್ಯಾಲಯದಿಂದ ಇನ್ನೊಂದಕ್ಕೆ ಹೋದರಷ್ಟೆ. ಹಿಂದೆ ಹೀಗೆ ವರ್ಗವಾದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಾಗಿತ್ತು. 2018ರ ಅಕ್ಟೋಬರಿನಲ್ಲಿ ವರ್ಗವಾಗಲಿಚ್ಛಿಸುವವರ ಹೆಸರುಗಳನ್ನು ನಮೂದಿಸುವ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ವ್ಯವಸ್ಥೆ ಬಂದಿತು. 2021ರಲ್ಲಿ ಒಮ್ಮೆ ನಿರ್ಬಂಧವಿಲ್ಲದೆ ಹೋಗಬಹುದೆಂದಾಯಿತು. 2024ರಲ್ಲಿ ಆ 'ಒಮ್ಮೆ' ಎಂಬ ಮಿತಿಯೂ ತೆಗೆಯಲ್ಪಟ್ಟಿತು. 2021ರ ಜುಲೈಯಿಂದ ವಿದ್ಯಾರ್ಥಿ ತನ್ನ ಹೆಸರು ರೂಪಗಳಿಂದ ಹಣ ಗಳಿಸಬಹುದಾಗಿದೆ. ಮೂರನೆಯವನಾಗಿ ಕಾಯುವವನಿಗೆ ಬೇರೊಂದು ಕಡೆ ಮೊದಲ ಸ್ಥಾನವೂ ಹಣವೂ ಕಾದಿರುವಾಗ, ಅವನು ಏಕೆ ಕಾಯಬೇಕು? ಇದರಿಂದ ತಾಳ್ಮೆ ಕೆಟ್ಟಿತೆಂದು ಹಿರಿಯರು ಮರುಗುತ್ತಾರೆ. ನಾನು ಪೂರ್ತಿಯಾಗಿ ಒಪ್ಪಲಾರೆ. ಕೋಚ್ ಆದವರು ಹೆಚ್ಚಿನ ಸಂಬಳಕ್ಕೆ ಮನಬಂದಾಗ ವಿದ್ಯಾಲಯ ಬದಲಾಯಿಸುತ್ತಿರಲು, ಇಪ್ಪತ್ತು ವರ್ಷದ ಹುಡುಗನನ್ನು ಮಾತ್ರ ಕಟ್ಟಿಹಾಕಿದ್ದ ಹಳೆಯ ಕಟ್ಟಳೆ ನ್ಯಾಯವಾಗಿರಲಿಲ್ಲ. ಆದರೆ ಆರ್ನಲ್ಡನಂತೆ ಬೆಂಚಿನಿಂದ ಎದ್ದು ಅದೇ ಬಯಲಿನಲ್ಲಿ ಸ್ಥಾನವನ್ನು ಮರಳಿ ಗಳಿಸುವ ಕಥೆಗಳು ವಿರಳವಾಗಬಹುದೆಂಬುದೂ ನಿಜ. ಇನ್ನೊಂದು ಕಳವಳವುಂಟು. 2025ರಿಂದ ದೊಡ್ಡ ಫುಟ್‌ಬಾಲ್ ತಂಡಗಳಿಗೆ ಒಟ್ಟು 105 ಆಟಗಾರರೆಂಬ ಮಿತಿ ಬಂದಿದೆ. ಸ್ಕಾಲರ್‌ಷಿಪ್ಪಿಲ್ಲದೆ, ಸ್ವಂತ ಖರ್ಚಿನಿಂದ ಓದುತ್ತ, ಅಭ್ಯಾಸದಲ್ಲಿ ಪಾಲುಗೊಳ್ಳುವುದೇ ಭಾಗ್ಯವೆಂದು ಬರುತ್ತಿದ್ದ ಹುಡುಗರ ಬಾಗಿಲು ಅದರಿಂದ ಕಿರಿದಾಗಿದೆ.

ಮೆಕಿನ್‌ಸ್ಟ್ರಿ, ಆರ್ನಲ್ಡ್ ಇಬ್ಬರೂ ಹೊರಟುಹೋಗಿ, ಸೇಬನರೂ 2024ರ ಜನವರಿಯಲ್ಲಿ ನಿವೃತ್ತರಾದಾಗ, ಅಲಬಾಮದ ಎರಡು ಮೂಲೆಗಳೂ ಒಮ್ಮೆಗೇ ತೆರವಾದವು. ಹೊಸ ಸ್ಪರ್ಧೆ ಆರಂಭವಾಯಿತು. ಡೊಮಾನಿ ಜಾಕ್ಸನ್ ಎಂಬವನು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಿಂದ ವರ್ಗವಾಗಿ ಬಂದ. ಅದೇ ಕ್ಯಾಲಿಫೋರ್ನಿಯದ ಹೈಸ್ಕೂಲಿನಿಂದ ನೇರವಾಗಿ ಬಂದ ಜೇಬಿಯನ್ ಬ್ರೌನ್ ಮೊದಲ ವರ್ಷದಲ್ಲಿಯೇ ಮೂಲೆಯಲ್ಲಿ ನಿಂತ. ಸೆಪ್ಟೆಂಬರ್ 28ರ ರಾತ್ರಿ, ಮತ್ತೆ ಜಾರ್ಜಿಯವೇ ಎದುರಾಳಿ. ಅಲಬಾಮ 41-34ರಿಂದ ಮುಂದಿತ್ತು, ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ, ಜಾರ್ಜಿಯದ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್ ಕೊನೆಯ ಗೆರೆಯಾಚೆಗೆ ಚೆಂಡೆಸೆದ, ಬ್ರೌನ್ ಅದನ್ನು ಅಲ್ಲಿಯೇ ಕಸಿದುಕೊಂಡ.